ಮೊಸಳೆಯ ಹತ್ತಿರದ ನೆಂಟ ಯಾರು?

ಗೆಳೆಯರೇ, ಒಂದು ಸಣ್ಣ ಪರೀಕ್ಷೆ. ಮೊಸಳೆ, ಹಲ್ಲಿ, ಕಾಗೆ - ಈ ಮೂರರಲ್ಲಿ ಹತ್ತಿರದ ನೆಂಟರು ಯಾವ ಎರಡು? ಮೊಸಳೆ ಮತ್ತು ಹಲ್ಲಿ ಎಂದಿರಾ? ತಪ್ಪು ನಿಮ್ಮದಲ್ಲ, ಶಾಲೆಯ ಪುಸ್ತಕವೇ ಅವೆರಡನ್ನೂ ಒಂದೇ ಗೂಡಿನಲ್ಲಿ ಇಟ್ಟಿದೆ. ಆದರೆ ಇಂದಿನ ವಿಜ್ಞಾನಿಗಳ ಉತ್ತರ ಬೇರೆ: ಮೊಸಳೆ ಮತ್ತು ಕಾಗೆ!

ಬೆನ್ನೆಲುಬುಳ್ಳ ಪ್ರಾಣಿಗಳ ಐದು ಗುಂಪುಗಳನ್ನು ನೀವು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ಬಾಯಿಪಾಠ ಮಾಡಿರುತ್ತೀರಿ. ಕನ್ನಡದಲ್ಲಿ ಅವುಗಳಿಗೆ ಕಶೇರುಕಗಳು ಎಂದು ಹೆಸರು. ಮೀನು, ಉಭಯವಾಸಿ, ಸರೀಸೃಪ, ಪಕ್ಷಿ, ಸಸ್ತನಿ - ಇವೇ ಆ ಐದು. ಕೇಳಲು ಅಚ್ಚುಕಟ್ಟಾಗಿದೆ, ಆದರೆ ಈ ಅಚ್ಚುಕಟ್ಟು ಒಂದೇ ದಿನದಲ್ಲಿ ಬಂದದ್ದಲ್ಲ. ಸ್ವೀಡನ್ನಿನ ಲಿನೇಯಸ್ 1735ರಲ್ಲಿ ತಿಮಿಂಗಿಲವನ್ನು ಮೀನುಗಳ ಜೊತೆಗೇ ಸೇರಿಸಿದ್ದ. 1758ರ ಹತ್ತನೆಯ ಆವೃತ್ತಿಯಲ್ಲಿ ಅದನ್ನು ಎತ್ತಿ ಸಸ್ತನಿಗಳ ಸಾಲಿನಲ್ಲಿ ಕೂರಿಸಿದ. ಶ್ವಾಸಕೋಶದಿಂದ ಉಸಿರಾಡಿ ಮರಿಗೆ ಹಾಲೂಡುವ ಪ್ರಾಣಿ ನೀರಿನಲ್ಲಿದ್ದ ಮಾತ್ರಕ್ಕೆ ಮೀನಾದೀತೇ? ಅದೇ ಪುಸ್ತಕದಲ್ಲಿ ಬಾವಲಿಯನ್ನು ಮಂಗ-ಮನುಷ್ಯರ ಪಂಕ್ತಿಗೆ ಸೇರಿಸಿ, ಹಾವು-ಕಪ್ಪೆಗಳನ್ನು ಒಂದೇ ವರ್ಗ ಮಾಡಿದ್ದನೆನ್ನಿ. ದೊಡ್ಡವರೂ ಎಡವುತ್ತಾರೆ.

ಹೊರನೋಟದ ಹೋಲಿಕೆ ಸಾಲದು, ವಂಶಾವಳಿಯೇ ಮುಖ್ಯ ಎಂದು 1859ರಲ್ಲಿ ಡಾರ್ವಿನ್ ಹೇಳಿದ. ಜರ್ಮನಿಯ ವಿಲಿ ಹೆನ್ನಿಗ್ 1950ರಲ್ಲಿ ಇದಕ್ಕೊಂದು ಬಿಗಿಯಾದ ಲೆಕ್ಕಾಚಾರ ಕೊಟ್ಟ: ಒಂದು ಗುಂಪೆಂದರೆ ಒಬ್ಬ ಪೂರ್ವಜನ ಎಲ್ಲ ಸಂತಾನವೂ ಅದರಲ್ಲಿರಬೇಕು. ನಿಮ್ಮ ಪಕ್ಕದ ಮನೆಯ ಹುಡುಗ ನಿಮ್ಮಂತೆಯೇ ಉಡುತ್ತಾನೆ, ನಿಮ್ಮಂತೆಯೇ ಮರಾಠಿ ಮಾತಾಡುತ್ತಾನೆ. ಧಾರವಾಡದ ನಿಮ್ಮ ಚಿಕ್ಕಪ್ಪನ ಮಗನ ಉಡುಗೆ, ಮಾತು ಎರಡೂ ಬೇರೆ. ಆದರೂ ರಕ್ತಸಂಬಂಧಿ ಯಾರು? ಮೊಸಳೆಯ ಕಥೆಯೂ ಅಷ್ಟೇ. ಅದೂ ಡೈನೋಸಾರೂ ಒಂದೇ ಮೂಲದವು. ಡೈನೋಸಾರುಗಳ ಒಂದು ಕವಲೇ ಪಕ್ಷಿಗಳಾಯಿತು. ಮೊಸಳೆಯ ಹೃದಯಕ್ಕೆ ಪಕ್ಷಿಯಂತೆ ನಾಲ್ಕು ಕೋಣೆ, ಹಲ್ಲಿಗೆ ಅದಿಲ್ಲ. ಡಿಎನ್‌ಎ ಸಾಕ್ಷಿಯೂ ಇದನ್ನೇ ಹೇಳುತ್ತದೆ. ಹಾಗಾದರೆ ಪಕ್ಷಿಗಳೂ ಸರೀಸೃಪಗಳ ಮನೆತನದವೇ! ‘ಮೀನು’ ಎಂಬ ಗುಂಪಿನ ಗತಿ ಇನ್ನೂ ಕಷ್ಟ. ಶ್ವಾಸಕೋಶವುಳ್ಳ ಮೀನೊಂದಿದೆ, ಅದು ರೋಹು ಮೀನಿಗಿಂತ ನಮಗೇ ಹತ್ತಿರದ ನೆಂಟ.

ಇದೆಲ್ಲ ಪಂಡಿತರ ಜಗಳ, ನಮಗೇನು ಎನ್ನಬೇಡಿ. ಪಶ್ಚಿಮ ಘಟ್ಟದ ತೋಟಗಳಲ್ಲಿ, ಗೊಬ್ಬರದ ಗುಂಡಿಯ ಬಳಿ, ಸಿಸಿಲಿಯನ್ ಎಂಬ ಪ್ರಾಣಿಯಿದೆ. ಕಾಲಿಲ್ಲ, ಕಣ್ಣು ಇದ್ದೂ ಇಲ್ಲದಂತೆ, ಮೈಯೆಲ್ಲ ಎರೆಹುಳದಂಥ ಬಳೆಗಳು. ಇದು ಹಾವಲ್ಲ, ಹುಳವೂ ಅಲ್ಲ. ಕಪ್ಪೆಯ ಬಳಗದ ಉಭಯವಾಸಿ. ಮನುಷ್ಯರಿಗೆ ಇದರಿಂದ ಅಪಾಯವಿಲ್ಲ. ಆದರೂ ಹಾವೆಂದು ಬಗೆದು ಜನ ಇದನ್ನು ಬಡಿದು ಹಾಕುತ್ತಾರೆ. ಮುಂದಿನ ಮಳೆಗಾಲದಲ್ಲಿ ಅಜ್ಜಿಯ ಊರಿಗೆ ಹೋದಾಗ ಯಾರಾದರೂ ದೊಣ್ಣೆ ಎತ್ತಿದರೆ, ಸ್ವಲ್ಪ ತಡೆಯಿರಿ ಅನ್ನಿ. ಮುಟ್ಟದೆ ದೂರದಿಂದಲೇ ನೋಡಿ: ಹಾವಿನಂಥ ಹುರುಪೆ ಇದೆಯೋ, ಒದ್ದೆಯಾದ ನುಣುಪು ಚರ್ಮವೋ?