ಗೇಮಿನ ಬೀದಿಗೆ ಜಾರ್ಜ್‌ಟೌನಿನ ಗೋಡೆ

ವಿಡಿಯೋ ಗೇಮಿನಲ್ಲಿ ಹಳೇ ಚೆನ್ನೈನ ಒಂದು ಬೀದಿ ಕಟ್ಟಬೇಕು ಅಂದ್ಕೊಳ್ಳಿ. ಸೆಂಟ್ರಲ್ ಸ್ಟೇಷನ್, ಮರೀನಾ, ಮೈಲಾಪುರದ ಗೋಪುರ, ಇವುಗಳ ಫೋಟೊ ನೆಟ್‌ನಲ್ಲಿ ಬೇಕಾದಷ್ಟಿವೆ. ಗಲ್ಲಿ ಬೇಕಂದ್ರೆ ಚೆನ್ನೈನ ಜಾರ್ಜ್‌ಟೌನಿಗೇ ಹೋಗ್ಬೇಕು.

ಅಲ್ಲಿನ ಅರ್ಮೇನಿಯನ್ ಸ್ಟ್ರೀಟಿನ 1772ರ ಚರ್ಚಿನ ಫೋಟೊ ಎಲ್ಲರೂ ತೆಗೀತಾರೆ. ನೀವು ಅಕ್ಕಪಕ್ಕದ ಗೋಡೆಯ ಫೋಟೊ ತೆಗೀರಿ. ಸುಣ್ಣದ ಗಾರೆ ಎಲ್ಲಿ ಉದುರಿದೆ? ಹೆಚ್ಚಾಗಿ ಬುಡದಲ್ಲಿ, ನೆಲದ ತೇವ ಮೇಲೇರೋ ಕಡೆ. ಕಿಟಕಿ ಸರಳಿನ ಕೆಳಗೆ ತುಕ್ಕು ಕಂದು ಗೆರೆಯಾಗಿ ಇಳಿದಿರುತ್ತೆ. ಸಮುದ್ರದ ಉಪ್ಪುಗಾಳಿ ಕೆಲಸ. ಹಳೇ ಮನೆಯೊಳಗೆ ಬಿಟ್ಟರೆ ತಲೆ ಎತ್ತಿ ನೋಡಿ. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನ ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿರ್ತಾರೆ. ಅದೇ ಮದ್ರಾಸ್ ತಾರಸಿ.

ಫೋಟೊಗಳಿಂದ ಗೋಡೆನ ತ್ರೀಡಿ ಮಾಡ್ಬೇಕಾ? ಮೋಡ ಕವಿದ ದಿನ ಹೋಗಿ. ಬಿಸಿಲಿದ್ರೆ ನೆರಳೂ ಟೆಕ್ಸ್ಚರಿಗೆ, ಅಂದ್ರೆ ಗೋಡೆಗೆ ಹೊದಿಸೋ ಚಿತ್ರಕ್ಕೆ, ಅಂಟ್ಕೊಳ್ಳುತ್ತೆ. ಆಮೇಲೆ ಗೇಮಿನಲ್ಲಿ ನಡುರಾತ್ರಿ ಆದ್ರೂ ಗೋಡೆ ಮೇಲೆ ಮಧ್ಯಾಹ್ನದ ನೆರಳು! ಒಂದು ಫೋಟೊದಲ್ಲಿ ಕಂಡಿದ್ದರ ಮುಕ್ಕಾಲು ಭಾಗ ಮುಂದಿನದರಲ್ಲೂ ಬರಲಿ. ಎಲ್ಲಾದರೂ ಒಂದು ಅಳತೆ ಟೇಪು ಕಾಣಲಿ, ಇಲ್ಲಾಂದ್ರೆ ಬಾಗಿಲಿನ ಗಾತ್ರ ಎಡವಟ್ಟಾಗುತ್ತೆ.

ಇಷ್ಟೆಲ್ಲ ಯಾಕೆ? 2017ರ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಗೇಮು ನಮ್ಮ ಹಳೇಬೀಡಿನ ಹೆಸರನ್ನ ಪಶ್ಚಿಮ ಘಟ್ಟದ ಕಾಡಿಗೆ ಒಯ್ದಿತ್ತು. ನೋಡೋಕೆ ಚೆಂದ. ಆದ್ರೆ ಹಾಸನದ ಕಡೆಯವರಿಗೆ ಅದು ಹಳೇಬೀಡು ಅನ್ಸಲ್ಲ ಬಿಡಿ.

ಗೋಡೆ ಬಣ್ಣ, ತುಕ್ಕು ಮುಗೀತಾ? ಮನೆ ಮುಂದಿನ ಬೋರ್‌ಪಂಪು, ಸಾಲಿಗಿಟ್ಟ ಪ್ಲಾಸ್ಟಿಕ್ ಕೊಡಗಳು, ಕರೆಂಟ್ ವೈರಿನ ಜಡೆ, ಇವುಗಳ ಫೋಟೊನೂ ತೆಗೀರಿ. ಮನೆಯವರನ್ನ ಮೊದಲು ಕೇಳಿ, ಬೇಡ ಅಂದ್ರೆ ಮುಂದಿನ ಮನೆಗೆ ನಡೀರಿ.