ಗಾಡಿ ಆಗಾಗ ಮಿಸ್ ಹೊಡೆಯುತ್ತಾ? ಪಾರ್ಟ್ಸ್ ಬದಲಿಸೋ ಮೊದಲು ಇದನ್ನ ಗಮನಿಸಿ

ಬೆಳಗಿನ ಜಾವ ಎರಡು ಕ್ರೇಟ್ ಬೀನ್ಸ್ ಕಟ್ಟಿಕೊಂಡು ಮಾರ್ಕೆಟ್ಟಿಗೆ ಹೊರಟಿದ್ದೀರಿ. ಏಳೆಂಟು ಕಿಲೋಮೀಟರ್ ಚೆನ್ನಾಗಿ ಓಡಿದ ಬೈಕ್ ಇದ್ದಕ್ಕಿದ್ದಂತೆ ಜರ್ಕ್ ಹೊಡೆದು ನಿಂತುಬಿಡುತ್ತೆ. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತೆ. ಆದರೆ ಹರಾಜು ನಿಮಗೋಸ್ಕರ ಕಾಯಲ್ಲ.

ನನ್ನ ಹಳೇ 100 ಸಿಸಿ ಗಾಡಿ ಎರಡು ತಿಂಗಳು ಇದೇ ಆಟ ಆಡಿತು. ಗ್ಯಾರೇಜಿಗೆ ಹೋದಾಗ ಮಾತ್ರ ಸರಿಯಾಗೇ ಓಡೋದು. ಪ್ಲಗ್ ಬದಲಾಯ್ತು, ಕಾರ್ಬುರೇಟರ್ ಕ್ಲೀನ್ ಆಯ್ತು, ಕೊನೆಗೆ ಕಾಯಿಲ್ ಕೂಡ ಹೊಸದು ಬಂತು. ಒಂದು ದಿನ ನಡುರಸ್ತೆಯಲ್ಲಿ ನಿಂತಾಗ ಪೆಟ್ರೋಲ್ ಇದೆಯಾ ಅಂತ ನೋಡಲು ಟ್ಯಾಂಕ್ ಮುಚ್ಚಳ ತೆಗೆದೆ. ಸುಯ್ ಅಂತ ಗಾಳಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೇ ಗಾಡಿ ಸ್ಟಾರ್ಟ್! ಮುಚ್ಚಳದ ಸಣ್ಣ ಗಾಳಿತೂತಿಗೆ ಮಣ್ಣು ಕಟ್ಟಿತ್ತು. ಪೆಟ್ರೋಲ್ ಖರ್ಚಾದಷ್ಟು ಗಾಳಿ ಟ್ಯಾಂಕಿನೊಳಗೆ ಹೋಗಬೇಕು. ಹೋಗದಿದ್ದರೆ ಪೆಟ್ರೋಲ್ ಕೆಳಗೆ ಇಳಿಯೋದೇ ನಿಲ್ಲುತ್ತೆ.

ಇದರಲ್ಲಿ ತಪ್ಪು ನನ್ನದೇ. ಎಲೆ ಹಳದಿ ಆದ ಕೂಡಲೇ ಕೈಗೆ ಸಿಕ್ಕಿದ್ದನ್ನ ಸಿಂಪಡಿಸಬೇಡಿ ಅಂತ ಎಲ್ಲರಿಗೂ ಹೇಳ್ತೀನಿ. ಹಳೇ ಎಲೆಯಲ್ಲಿ ಶುರುವಾದರೆ ಸಾರಜನಕದ ಕೊರತೆ ಇರಬಹುದು, ಚಿಗುರಿನಲ್ಲಿ ಶುರುವಾದರೆ ಕಬ್ಬಿಣದ್ದು. ಗಾಡಿಯಲ್ಲೂ ಅಷ್ಟೇ. ಏನು ಕೆಟ್ಟಿದೆ ಅನ್ನೋದಕ್ಕಿಂತ ಮೊದಲು ಕೇಳಬೇಕಾದ್ದು, ಯಾವಾಗ ಮಿಸ್ ಹೊಡೆಯುತ್ತೆ?

ಯಾವಾಗ ಹೊಡೆಯುತ್ತೆ, ಎಲ್ಲಿ ನೋಡಬೇಕು

1. ಕೆಲವು ಕಿಲೋಮೀಟರ್ ಓಡಿದ ಮೇಲೆ: ನಿಂತ ಜಾಗದಲ್ಲೇ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. ಸರಿಹೋದರೆ ಗಾಳಿತೂತು ಸ್ವಚ್ಛ ಮಾಡಿ. ಸರಿಹೋಗದೆ, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ಸ್ಟಾರ್ಟ್ ಆದರೆ ಬಿಸಿಗೆ ಕೈಕೊಡುವ ಇಗ್ನಿಷನ್ ಕಾಯಿಲ್, ಪಿಕಪ್ ಕಾಯಿಲ್ ಅಥವಾ ಬಿಗಿಯಾದ ವಾಲ್ವ್ ಮೇಲೆ ಅನುಮಾನ ಪಡಿ.

2. ಮಳೆಯಲ್ಲಿ, ಗಾಡಿ ತೊಳೆದ ಮೇಲೆ: ಪ್ಲಗ್ ಕ್ಯಾಪ್ ಅಥವಾ ಅದಕ್ಕೆ ಬರುವ ದಪ್ಪ ವೈರ್ ಬಿರುಕು ಬಿಟ್ಟಿರಬಹುದು. ರಾತ್ರಿ ಕತ್ತಲಲ್ಲಿ ಇಂಜಿನ್ ಆನ್ ಮಾಡಿ, ಆ ಜಾಗಕ್ಕೆ ತುಂತುರು ನೀರು ಹೊಡೆಯಿರಿ. ಕಿಡಿ ಹೊರಗೆ ಹಾರೋದು ಕಣ್ಣಿಗೇ ಕಾಣಬಹುದು. ಕೈ ಮುಟ್ಟಿಸಬೇಡಿ, ಜೋರಾಗಿ ಶಾಕ್ ಹೊಡೆಯುತ್ತೆ.

3. ಗುಂಡಿ ಹಾರಿದಾಗ, ಹ್ಯಾಂಡಲ್ ತಿರುಗಿಸಿದಾಗ: ವೈರಿಂಗ್ ಸಮಸ್ಯೆ. ಸ್ಟ್ಯಾಂಡ್ ಹಾಕಿ ಇಂಜಿನ್ ಓಡ್ತಿರುವಾಗ ಹ್ಯಾಂಡಲ್ ಎರಡೂ ಕಡೆಗೆ ತಿರುಗಿಸಿ, ಕೀಯನ್ನ ಮೆಲ್ಲಗೆ ಅಲ್ಲಾಡಿಸಿ. ಬ್ಯಾಟರಿ ಟರ್ಮಿನಲ್, ಕಿಲ್ ಸ್ವಿಚ್, ಹೊಸ ಗಾಡಿಯಾದರೆ ಸೈಡ್ ಸ್ಟ್ಯಾಂಡ್ ಸ್ವಿಚ್ ಕೂಡ ನೋಡಿ. ಹೊಲದ ಕೆಸರು ಮೊದಲು ಮೆತ್ತೋದೇ ಅಲ್ಲಿ.

4. ಲೋಡ್ ಇದ್ದಾಗ, ಏರು ಹತ್ತುವಾಗ: ಪೆಟ್ರೋಲ್ ಸಾಕಷ್ಟು ಬರ್ತಿಲ್ಲ, ಏರ್ ಫಿಲ್ಟರ್ ಧೂಳಿನಿಂದ ಮುಚ್ಚಿದೆ, ಇಲ್ಲವೇ ಪ್ಲಗ್ ಗ್ಯಾಪ್ ಜಾಸ್ತಿಯಾಗಿದೆ. ಸರಿಯಾದ ಗ್ಯಾಪ್ ಎಷ್ಟು ಅಂತ ಗಾಡಿಯ ಮ್ಯಾನುಯಲ್‌ನಲ್ಲಿ ಇರುತ್ತೆ.

5. ಗಾಡಿ ನಿಂತಲ್ಲೇ ಆನ್ ಇದ್ದಾಗ ಮಾತ್ರ: ಕಾರ್ಬುರೇಟರಿನ ಸ್ಲೋ ಜೆಟ್ ಕಟ್ಟಿರಬಹುದು, ಇಲ್ಲವೇ ಕಾರ್ಬುರೇಟರಿಗೂ ಇಂಜಿನ್ನಿಗೂ ನಡುವಿನ ಜಾಯಿಂಟಲ್ಲಿ ಗಾಳಿ ಎಳೀತಿರಬಹುದು.

6. ತುಂಬಾ ದಿನ ಮಳೆಗಾಲದಲ್ಲಿ ನಿಲ್ಲಿಸಿದ್ದ ಗಾಡಿ: ಪೆಟ್ರೋಲಿಗೆ ನೀರು ಸೇರಿರಬಹುದು. ಈಗ ಬಂಕಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತೆ, ಅದು ತೇವ ಹೀರುತ್ತೆ. ನೀರು ಜಾಸ್ತಿಯಾದರೆ ಎಥನಾಲ್ ಜೊತೆ ಬೇರೆಯಾಗಿ ತಳಕ್ಕೆ ಇಳಿಯುತ್ತೆ. ಇಂಜಿನ್ ತಣ್ಣಗಿದ್ದಾಗ, ಬೆಂಕಿ, ಬೀಡಿ ಹತ್ತಿರವಿಲ್ಲದ ಕಡೆ, ಕಾರ್ಬುರೇಟರಿನ ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಪೆಟ್ರೋಲ್ ಹಿಡಿಯಿರಿ. ಹತ್ತು ನಿಮಿಷದಲ್ಲಿ ತಳದಲ್ಲಿ ಬೇರೆ ಪದರ ಕಂಡರೆ ಅದೇ ಕಾರಣ. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ.

ಪ್ಲಗ್ ಏನು ಹೇಳುತ್ತೆ?

ಪ್ಲಗ್ ತೆಗೆದು ತುದಿಯ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಸರಿಯಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ಎಣ್ಣೆ ಜಿಡ್ಡಿನ ಕಪ್ಪಾದರೆ ಇಂಜಿನ್ ಆಯಿಲ್ ಮೇಲೆ ಬರ್ತಿದೆ, ಅದು ಮೆಕ್ಯಾನಿಕ್ ಕೆಲಸ. ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ ಆಗಿ ಇಂಜಿನ್ ಅತಿ ಬಿಸಿ ಆಗ್ತಿದೆ.

ಒಂದು ಹೊಸ ಪ್ಲಗ್ಗು, ಪ್ಲಗ್ ಸ್ಪ್ಯಾನರ್ ಗಾಡಿಯಲ್ಲೇ ಇಟ್ಟುಕೊಳ್ಳಿ. ಕಾರ್ಬುರೇಟರ್ ಗಾಡಿ ನಿಂತ ಕೂಡಲೇ ಕ್ಯಾಪ್ ಬಿಚ್ಚಿ ಹೊಸ ಪ್ಲಗ್ಗಿಗೆ ಹಾಕಿ, ಅದರ ಲೋಹದ ಭಾಗ ಇಂಜಿನ್ ಹೆಡ್ಡಿಗೆ ಗಟ್ಟಿಯಾಗಿ ತಾಗುವಂತೆ ಇಟ್ಟು ಕಿಕ್ ಹೊಡೆಯಿರಿ. ಹಳೇ ಪ್ಲಗ್ ಇಂಜಿನ್ನಲ್ಲೇ ಇರಲಿ, ತೆಗೆದರೆ ಪೆಟ್ರೋಲ್ ಆವಿಗೆ ಕಿಡಿ ತಗುಲೋ ಅಪಾಯ ಇದೆ. ಪೆಟ್ರೋಲ್ ಸೋರ್ತಿದ್ದರೆ ಈ ಪರೀಕ್ಷೆ ಬೇಡವೇ ಬೇಡ. ಗಟ್ಟಿ ನೀಲಿ ಕಿಡಿ ಬಂದರೆ ಕಾಯಿಲ್ ಮೇಲಿನ ಅನುಮಾನ ಬಿಡಿ, ಹಳೇ ಪ್ಲಗ್ ಮತ್ತು ಪೆಟ್ರೋಲ್ ಕಡೆ ನೋಡಿ. ಕಿಡಿ ಇಲ್ಲ ಅಂದರೆ ಕರೆಂಟ್ ಕಡೆ ಹುಡುಕಿ.

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳಲ್ಲಿ ಹೆಚ್ಚಿನವು ಫ್ಯೂಯಲ್ ಇಂಜೆಕ್ಷನ್‌ನವು. ಅವುಗಳಲ್ಲಿ ಮೀಟರಿನ ಇಂಜಿನ್ ಲೈಟ್ ಹತ್ತುತ್ತಾ ನೋಡಿ. ಹತ್ತಿದರೆ ಸ್ಕ್ಯಾನರ್ ಇರೋ ಕಡೆ ಕೋಡ್ ಓದಿಸಿ. ಮಿಸ್ ಹೊಡೆಯುತ್ತಲೇ ತಿಂಗಳುಗಟ್ಟಲೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರನ್ನ ಹಾಳು ಮಾಡುತ್ತೆ, ಅದು ದುಬಾರಿ ಪಾರ್ಟು.

ಮೊಬೈಲ್ ಇದೆಯಲ್ಲ, ಬಳಸಿ

ಗ್ಯಾರೇಜಿನಲ್ಲಿ ಗಾಡಿ ಸುಮ್ಮನಿರುತ್ತೆ ಅನ್ನೋದೇ ಈ ಸಮಸ್ಯೆಯ ತಲೆನೋವು. ಮಿಸ್ ಹೊಡೆದಾಗ ಗಾಡಿ ಬದಿಗೆ ನಿಲ್ಲಿಸಿ, ಇಂಜಿನ್ ಇನ್ನೂ ಓಡ್ತಿದ್ದರೆ ಶಬ್ದ ರೆಕಾರ್ಡ್ ಮಾಡಿ. ಎಷ್ಟು ದೂರ ಓಡಿತ್ತು, ಬಿಸಿಯೋ ತಣ್ಣಗೋ, ಮಳೆಯಿತ್ತಾ, ಲೋಡ್ ಎಷ್ಟು, ಇಷ್ಟು ಬರೆದಿಡಿ. ಮೂರು ಸಲ ಬರೆದರೆ ಸಾಮಾನ್ಯವಾಗಿ ಒಂದು ದಾರಿ ಕಾಣುತ್ತೆ. "ಗಾಡಿ ಸರಿ ಇಲ್ಲ ಅಣ್ಣಾ" ಅನ್ನೋ ಬದಲು ಅದನ್ನೇ ಮೆಕ್ಯಾನಿಕ್‌ಗೆ ತೋರಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ದುಡ್ಡು ಖರ್ಚಿಲ್ಲದ್ದರಿಂದ ಶುರು ಮಾಡಿ. ನಾನು ಮುಚ್ಚಳದಿಂದ ಶುರು ಮಾಡಿದ್ದರೆ ಕಾಯಿಲ್ ದುಡ್ಡು ಉಳೀತಿತ್ತು, ಎರಡು ದಿನದ ಬೀನ್ಸ್ ಅರ್ಧ ರೇಟಿಗೆ ಹೋಗ್ತಿರಲಿಲ್ಲ.