ಗಾಳಿಯಲ್ಲಿ ಎಷ್ಟು ವಿಷ ಇರಬಹುದು?

ಧಾರವಾಡ ಜಿಲ್ಲೆಯ ಮಕ್ಕಳಿಗೆ ಹತ್ತಿ ಹೊಲ ಹೊಸದಲ್ಲ. ಹುಬ್ಬಳ್ಳಿ, ಕುಂದಗೋಳ, ನವಲಗುಂದದ ಎರೆಭೂಮಿಯಲ್ಲಿ ಬೆನ್ನಿಗೆ ಪಂಪು ಹಾಕಿಕೊಂಡು ‘ಎಣ್ಣಿ ಹೊಡೆಯುವವರನ್ನು’ ನೀವು ನೋಡಿರುತ್ತೀರಿ. ಹೆಸರು ಎಣ್ಣಿ; ಆದರೆ ಅದು ಕೀಟನಾಶಕ, ಅಂದರೆ ವಿಷ. ಕಾಯಿಕೊರಕ ಹುಳುವನ್ನು ಕೊಲ್ಲಲು ನಮ್ಮ ದೇಶದಲ್ಲಿ ಬಹಳ ವರ್ಷ ಹತ್ತಿಗೆ ಹೊಡೆದ ವಿಷಗಳಲ್ಲಿ ಎಂಡೋಸಲ್ಫಾನ್ ಒಂದು.

ನಮ್ಮ ನರಗಳಲ್ಲಿ ‘ಕೆಲಸ ಮಾಡು’ ಎನ್ನುವ ಸಂದೇಶಗಳಿರುವಂತೆ ‘ಸಾಕು, ಸುಮ್ಮನಿರು’ ಎನ್ನುವ ಸಂದೇಶಗಳೂ ಇರುತ್ತವೆ. ಎಂಡೋಸಲ್ಫಾನ್ ಈ ಎರಡನೆಯದನ್ನು ತಡೆಯುತ್ತದೆ. ಆಗ ಕೈಕಾಲು ನಡುಗುತ್ತವೆ. ವಿಷ ಹೆಚ್ಚಾದರೆ ಫಿಟ್ಸ್ ಬರುತ್ತದೆ, ಪ್ರಾಣವೂ ಹೋಗಬಹುದು.

ಇಂಥ ವಿಷವನ್ನು ತಯಾರಿಸುವ, ಡಬ್ಬಿಗೆ ತುಂಬುವ ಕಾರ್ಖಾನೆಗಳಲ್ಲಿ ಜನ ದಿನವೆಲ್ಲ ದುಡಿಯುತ್ತಿದ್ದರು. ಅವರು ಉಸಿರಾಡುವ ಗಾಳಿಯಲ್ಲಿ ಅದು ಎಷ್ಟಿರಬಹುದು? ತಜ್ಞರು ಹಾಕಿದ ಮಿತಿ ಒಂದು ಘನಮೀಟರ್ ಗಾಳಿಗೆ 0.1 ಮಿಲಿಗ್ರಾಂ. ಇದು 8 ಗಂಟೆ ಕೆಲಸದ ಸರಾಸರಿ. ಮೊದಲ 4 ಗಂಟೆ 0.2 ಇದ್ದು, ಉಳಿದ 4 ಗಂಟೆ ಏನೂ ಇಲ್ಲದಿದ್ದರೆ ಸರಾಸರಿ 0.1 ಆಗುತ್ತದೆ. ಭೋಪಾಲ ದುರಂತದ ನಂತರ, 1987ರಲ್ಲಿ, ನಮ್ಮ ಕಾರ್ಖಾನೆ ಕಾಯ್ದೆಗೂ ಇಂಥ ಮಿತಿಗಳ ಪಟ್ಟಿ ಸೇರಿತು.

0.1 ಮಿಲಿಗ್ರಾಂ ಎಷ್ಟು ಚಿಕ್ಕದು? ನಿಮ್ಮ ತರಗತಿಯ ಕೋಣೆಯಲ್ಲಿ 100 ಘನಮೀಟರ್ ಗಾಳಿ ಇದೆ ಎನ್ನೋಣ. ಇಡೀ ಕೋಣೆಗೆ 10 ಮಿಲಿಗ್ರಾಂ ಆಯಿತು. ಒಂದು ಸಾಸಿವೆ ಕಾಳಿನ ತೂಕ ಸುಮಾರು 2 ಮಿಲಿಗ್ರಾಂ. ಐದು ಸಾಸಿವೆ ಕಾಳಿನಷ್ಟು ವಿಷ ಕೋಣೆಯ ತುಂಬ ಹರಡಿದರೆ ಮಿತಿ ಮುಟ್ಟಿದ ಹಾಗೆ!

ಇಂಥ ಸಂಖ್ಯೆಗಳನ್ನು ಹೇಗೆ ಕಂಡುಹಿಡಿಯುತ್ತಾರೆ? ಆಹಾರದಲ್ಲಿನ ಮಿತಿಯ ಲೆಕ್ಕ ನೋಡಿ. ಇಲಿಗಳ ಹಲವು ಗುಂಪುಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಎಂಡೋಸಲ್ಫಾನ್ ಬೆರೆಸಿದ ಆಹಾರವನ್ನು ಎರಡು ವರ್ಷ ಕೊಟ್ಟರು. ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.6 ಮಿಲಿಗ್ರಾಂ ತಿಂದ ಇಲಿಗಳಲ್ಲಿ ತೊಂದರೆ ಕಾಣಲಿಲ್ಲ. ಆದರೆ ಮನುಷ್ಯ ಇಲಿಯಲ್ಲವಲ್ಲ! ಅದಕ್ಕಾಗಿ 10ರಿಂದ ಭಾಗಿಸಿದರು. ಮನುಷ್ಯರಲ್ಲೂ ಮಕ್ಕಳು, ಮುದುಕರು, ರೋಗಿಗಳು ಇದ್ದಾರೆ. ಅದಕ್ಕೆ ಮತ್ತೆ 10ರಿಂದ ಭಾಗಿಸಿದರು. ಬಂದದ್ದು 0.006. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಗಳ ತಜ್ಞರು 1998ರಲ್ಲಿ ಒಪ್ಪಿದ ಸಂಖ್ಯೆ ಇದೇ.

ಈಗ ನೀವೇ ಒಂದು ಲೆಕ್ಕ ಮಾಡಿ. 60 ಕಿಲೋ ತೂಕದವರಿಗೆ ಈ ಮಿತಿ ದಿನಕ್ಕೆ 0.36 ಮಿಲಿಗ್ರಾಂ. ಕಾರ್ಮಿಕರು 8 ಗಂಟೆಯಲ್ಲಿ ಸುಮಾರು 10 ಘನಮೀಟರ್ ಗಾಳಿ ಉಸಿರಾಡುತ್ತಾರೆ. 0.1ರ ಮಿತಿಯಲ್ಲಿ ಅವರ ದೇಹಕ್ಕೆ 1 ಮಿಲಿಗ್ರಾಂ ಹೋಗಬಹುದು, ಹೆಚ್ಚುಕಡಿಮೆ ಮೂರು ಪಟ್ಟು! ಏಕೆಂದರೆ ಕೆಲಸದ ಸ್ಥಳದ ಮಿತಿಯನ್ನು ಆರೋಗ್ಯವಂತ ವಯಸ್ಕರಿಗೆಂದು ಹಾಕಿರುತ್ತಾರೆ. ಸಂಜೆ ಮನೆಗೆ ಹೋದರೆ, ವಾರದ ರಜೆಯಲ್ಲಿದ್ದರೆ, ವಿಷವನ್ನು ಹೊರಹಾಕಲು ದೇಹಕ್ಕೆ ಬಿಡುವು ಸಿಗುತ್ತದೆ ಎಂಬ ನಂಬಿಕೆ ಅದರ ಹಿಂದಿದೆ.

ಪಟ್ಟಿಯಲ್ಲಿ ಎಂಡೋಸಲ್ಫಾನ್ ಹೆಸರಿನ ಪಕ್ಕದಲ್ಲಿ ‘ಚರ್ಮ’ ಎಂಬ ಒಂದು ಮಾತೂ ಇದೆ. ಈ ವಿಷ ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ, ಗಾಳಿಯನ್ನಷ್ಟೇ ಅಳೆದರೆ ಸಾಲದು ಎಂದು ಅದರ ಅರ್ಥ. ಪಂಪು ಸೋರಿ ಅಂಗಿ ತೊಯ್ದರೆ 0.1ರ ಲೆಕ್ಕವೇ ಕೆಡುತ್ತದೆ. ಅದೂ ಅಲ್ಲದೆ, ಆ ಕಾಯ್ದೆ ಇದ್ದದ್ದು ಕಾರ್ಖಾನೆಗಳಿಗೆ. ಹತ್ತಿ ಹೊಲ ಕಾರ್ಖಾನೆಯಲ್ಲ.

ಗೇರು ತೋಟವೂ ಅಲ್ಲ. ಕಾಸರಗೋಡು ಜಿಲ್ಲೆಯಲ್ಲಿ ಕೇರಳದ ತೋಟಗಾರಿಕಾ ನಿಗಮದ ಗೇರು ತೋಟಗಳಿವೆ. ಅಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಇದೇ ಎಂಡೋಸಲ್ಫಾನನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಗುಡ್ಡದ ಮೇಲೆ ತೋಟ, ಕೆಳಗೆ ಕನ್ನಡ, ತುಳು ಮಾತನಾಡುವ ಜನರ ಮನೆಗಳು. ಎಣ್ಮಕಜೆ ಪಂಚಾಯತಿಯ ಪಡ್ರೆ ಅಂಥ ಒಂದು ಊರು. ಅಲ್ಲಿನ ಮಕ್ಕಳು ಕಾರ್ಮಿಕರಲ್ಲ. ಅವರಿಗೆ 8 ಗಂಟೆಯ ಪಾಳಿ ಇರಲಿಲ್ಲ, ಸಂಜೆ ಬಿಟ್ಟು ಹೋಗಲು ಬೇರೆ ಮನೆಯೂ ಇರಲಿಲ್ಲ. ಉಸಿರಾಡುವ ಗಾಳಿ, ಕುಡಿಯುವ ನೀರು ಎಲ್ಲ ಅಲ್ಲಿಯದೇ. ಊರಿನಲ್ಲಿ ಕಾಯಿಲೆಗಳು ಹೆಚ್ಚುತ್ತಿರುವುದನ್ನು ಕಂಡು ಅಲ್ಲಿನ ವೈದ್ಯರೂ ಪತ್ರಕರ್ತರೂ ಪ್ರಶ್ನೆ ಎತ್ತಿದರು.

2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆಗೆ ಬಂದರು. 10ರಿಂದ 19 ವರ್ಷದ 117 ಹುಡುಗರನ್ನು, ಹೆಲಿಕಾಪ್ಟರ್ ಸಿಂಪರಣೆಯೇ ಇಲ್ಲದ ಇನ್ನೊಂದು ಊರಿನ 90 ಹುಡುಗರೊಂದಿಗೆ ಹೋಲಿಸಿದರು. ಸಿಂಪರಣೆ ನಿಂತು ತಿಂಗಳುಗಳೇ ಕಳೆದಿದ್ದವು. ಆದರೂ ಪಡ್ರೆಯ ಹುಡುಗರ ರಕ್ತದ ದ್ರವದಲ್ಲಿ ನೂರು ಕೋಟಿ ಭಾಗಕ್ಕೆ ಸರಾಸರಿ 7.47 ಭಾಗ ಎಂಡೋಸಲ್ಫಾನ್ ಇತ್ತು. ಇನ್ನೊಂದು ಊರಿನವರಲ್ಲಿ 1.37. ಪಡ್ರೆಯ ಹುಡುಗರು ಪ್ರೌಢಾವಸ್ಥೆಗೆ ಬರುವುದೂ ತಡವಾಗಿತ್ತು. ಈ ವರದಿ 2003ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ನಮ್ಮ ರಾಜ್ಯದ ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತ, ಕೊಕ್ಕಡದಂಥ ಊರುಗಳಲ್ಲಿಯೂ ಇದೇ ಗೋಳು ಕೇಳಿಬಂದಿತ್ತು. ಕರ್ನಾಟಕ ಸರ್ಕಾರ 2011ರ ಫೆಬ್ರುವರಿಯಲ್ಲಿ ಎಂಡೋಸಲ್ಫಾನನ್ನು ನಿಷೇಧಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು.